ಬ್ರಾಕೆಟ್ ಮೇಲಿನ ಎರಡು ಚುಕ್ಕಿ

ನನಗೆ ಆರು ಗೇರ್‌ಬಾಕ್ಸುಗಳ ದನಿ ಬರುತ್ತದೆ. ಹಲ್ಲು ಸವೆದ ಟ್ರ್ಯಾಕ್ಟರಿನ ಎರಡನೆಯ ಗೇರು, ಎಣ್ಣೆ ಕಾಣದ ಜೀಪಿನ ಗೊರಗೊರ, ಹಾರೂಗೇರಿ ಬಸ್ಸು ಏರಿನಲ್ಲಿ ಬಿಡುವ ನಿಟ್ಟುಸಿರು, ಎಲ್ಲವನ್ನೂ ಬಾಯಲ್ಲೇ ಕೂಗುತ್ತೇನೆ. ಮನುಷ್ಯರದ್ದು ಇನ್ನೂ ಸುಲಭ. ಅವರಿಗೆ ಗೇರು ಕಡಿಮೆ. ನಿಪ್ಪಾಣಿಯ ಹೊರಗೆ ಅಕ್ಕೋಳದ ರಸ್ತೆಗಿರುವ ನಮ್ಮ ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಚಹದ ಹೊತ್ತಿಗೆ ನನ್ನ ಆಟ ನಡೆಯುತ್ತಿತ್ತು. ನನ್ನ ನಕಲನ್ನೂ ನಾನೇ ಮಾಡುತ್ತಿದ್ದೆ: ಎಡಗೈಯಲ್ಲಿ ಸುತ್ತಿಗೆ ಹಿಡಿದು, ಹೊಡೆಯುವ ಮೊದಲೇ ಬೆರಳು ಚೀಪುವ ಹುಡುಗ. ಆದರೆ ಎಲ್ಲಕ್ಕಿಂತ ಹೆಚ್ಚು ನಗು ಬೀಳುತ್ತಿದ್ದುದು ನಮ್ಮ ಮಿಸ್ತ್ರಿ ಕಾಕಾರ ನಕಲಿಗೆ. ಕೋಳಿ ಕಾಳು ನೋಡುವ ಹಾಗೆ ತಲೆ ವಾರೆ ಮಾಡಿ, ನಕ್ಷೆಯ ಹಾಳೆಯನ್ನು ತೋಳುದ್ದ ದೂರ ಹಿಡಿದು, ಆಮೇಲೆ ವೆಲ್ಡಿಂಗಿನ ಗೆರೆಯ ಮೇಲೆ ಹೆಬ್ಬೆರಳು ಸವರಿ, "ಹ್ಞಾಂ, ಕುಂತೈತಿ" ಎನ್ನುವುದು. ನನಗೆ ಕೆಲಸ ಕಲಿಸಿದವರು, ಶೆಡ್ಡಿನ ಮಾಲಕರು. ತಮ್ಮ ನಕಲಿಗೆ ತಾವೂ ನಗುತ್ತಿದ್ದರು.

ನಮ್ಮ ಮೂಲ ಕಸುಬು ಕಬ್ಬಿನ ಟ್ರಾಲಿ. ಒಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರಾಲಿ ಕಟ್ಟಿ, ಮಾಳಿಗೆಯೆತ್ತರ ಕಬ್ಬು ಹೇರಿ ಕಾರ್ಖಾನೆಗೆ ಒಯ್ಯುವ ಸೀಮೆ ಇದು. ಹಿಂದಿನ ಟ್ರಾಲಿಯ ಹುಕ್ಕು ಕಿತ್ತರೆ ಅದು ಯಾರ ಮೇಲೆ ಹೋಗುತ್ತದೆಂದು ಹೇಳಲಾಗದು. ಆದ್ದರಿಂದ ಶೆಡ್ಡಿನಲ್ಲಿ ಮೊದಲಿನಿಂದ ಒಂದು ರೂಢಿ ಇತ್ತು. ಭಾರ ಹೊರುವ ಜೋಡಣೆಯನ್ನು ವೆಲ್ಡ್ ಮಾಡಿದವನು, ಬಣ್ಣ ಬೀಳುವ ಮೊದಲು ಅದರ ಪಕ್ಕದಲ್ಲಿ ಉಳಿಯಂಥ ಪಂಚು ಇಟ್ಟು ಸುತ್ತಿಗೆಯಿಂದ ತನ್ನ ಗುರುತು ಹೊಡೆಯಬೇಕು. ಕಾಕಾರದು ಒಂದು ಚುಕ್ಕಿ. ರಾಯಬಾಗದ ಕಡೆ ಹಳೆಯ ಟ್ರಾಲಿ ಕೊಳ್ಳುವವರು ಹುಕ್ಕಿನ ಬುಡದಲ್ಲಿ ಮಣ್ಣು ಕೆರೆದು ಒಂದು ಚುಕ್ಕಿ ಹುಡುಕುತ್ತಿದ್ದರು. ಸಿಕ್ಕರೆ ಮುಂದಿನ ಮಾತು. ನಾನು ಐದು ವರ್ಷ ವೆಲ್ಡಿಂಗ್ ರಾಡು ಹಿಡಿದಿದ್ದರೂ ನನಗೆ ಗುರುತು ಇರಲಿಲ್ಲ. ನನ್ನ ಕೆಲಸವನ್ನು ಕಾಕಾ ಸವರಿ ನೋಡಿ, ಒಪ್ಪಿದರೆ ತಮ್ಮ ಚುಕ್ಕಿ ಹೊಡೆಯುತ್ತಿದ್ದರು. ಕಲಿಯುವವನ ಹಣೆಬರಹವೇ ಅಷ್ಟು.

ಹೋದ ಬೇಸಿಗೆಯಲ್ಲಿ ಕಾಗವಾಡದ ಕಡೆಯ ದ್ರಾಕ್ಷಿ ತೋಟದ ವೈನಿಯೊಬ್ಬರು ತಮ್ಮ ಯಜಮಾನರ ಜೊತೆ ಬಂದರು; ಅತ್ತಿಗೆಯ ಸಮಾನರನ್ನು ನಮ್ಮ ಕಡೆ ವೈನಿ ಎನ್ನುತ್ತೇವೆ. ಮಳೆಯಲ್ಲಿ ದ್ರಾಕ್ಷಿ ಸಾಲಿನ ನಡುವೆ ಔಷಧಿ ಹೊಡೆಯುವ ಟ್ರ್ಯಾಕ್ಟರನ್ನು ಸ್ವತಃ ಓಡಿಸುವವರು, ಕೆಸರಿನಲ್ಲಿ ಗಾಲಿ ಹೇಗೆ ಜಾರುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು. ಒಮ್ಮೆ ಘಟ್ಟದ ಕಡೆ ಬಂಡೆ ಏರುವ ಗಾಡಿಗಳ ಆಟ ನೋಡಿ ಬಂದಿದ್ದರು. ತವರಿನಿಂದ ಬಂದ ಹಳೆಯ ಫೋರ್‌ವೀಲ್ ಜೀಪೊಂದು ಅವರ ಮಣೂಕ, ಅಂದರೆ ಒಣದ್ರಾಕ್ಷಿ, ಒಣಗಿಸುವ ಶೆಡ್ಡಿನಲ್ಲಿ ಬಿದ್ದಿತ್ತು. ಅದಕ್ಕೆ ಜೀವ ಕೊಡಬೇಕು. ಅದು ಸೊಂಟದೆತ್ತರದ ಬಂಡೆ ಏರಬೇಕು; ಹಿಂದಿನ ಖಾನೆಯಲ್ಲಿ ಒಲೆ, ನೀರಿನ ಡಬ್ಬಿ, ಹಾಸಿಗೆ ಇಟ್ಟುಕೊಂಡು ಹತ್ತು ದಿನ ಯಾರ ಮನೆಗೂ ಹೋಗದೆ ಕಾಡುಮೇಡು ತಿರುಗಲೂ ಬೇಕು. ಕಾಕಾ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು.

"ಎಷ್ಟು ಟನ್ ಹೇರ್ತೀರಿ?"

"ನಾ ಒಬ್ಬಾಕಿರಿ," ಎಂದರು ವೈನಿ. "ಅರವತ್ತು ಕಿಲೋ ಅದೇನಿ. ಹಬ್ಬದಾಗ ಅರವತ್ತೆರಡು."

ಅವರು ಹೋದ ಮೇಲೆ ಕಾಕಾ ನನ್ನನ್ನು ಕರೆದು, ನಕ್ಷೆ ನೀನೇ ತೆಗೆ ಎಂದರು. ಆಮೇಲೆ, ಏನೋ ಸಣ್ಣ ಮಾತು ಹೇಳುವವರ ಹಾಗೆ ಬೇರೆ ಕಡೆ ನೋಡುತ್ತ, "ಈ ಗಾಡಿ ಮ್ಯಾಲ ನಿನ್ನ ಗುರ್ತು ಹೊಡಿ" ಎಂದರು.

ಎರಡು ಚುಕ್ಕಿ ಎಂದು ಅಲ್ಲೇ ಗೊತ್ತು ಮಾಡಿದೆ. ಸಂಜೆಯೊಳಗೆ ನನ್ನ ಊಟದ ಡಬ್ಬಿಯ ಮುಚ್ಚಳ, ಸುತ್ತಿಗೆ, ಬೈಕಿನ ಫುಟ್‌ರೆಸ್ಟು, ಎಲ್ಲದರ ಮೇಲೂ ಎರಡು ಚುಕ್ಕಿ ಬಿದ್ದಿದ್ದವು. ನಾನು ಎಡಗೈಯವನಾದ್ದರಿಂದ ಎರಡನೆಯ ಚುಕ್ಕಿ ಯಾವಾಗಲೂ ತುಸು ಕೆಳಗೆ ಜಾರಿ, ಮೊದಲನೆಯದಕ್ಕಿಂತ ಆಳವಾಗಿ ಕೂರುತ್ತಿತ್ತು. ಕಾಕಾ ಡಬ್ಬಿಯ ಮುಚ್ಚಳವನ್ನು ಸವರಿ, ನಿನ್ನ ಚುಕ್ಕಿಯೂ ನಿನ್ನಂತೆಯೇ ವಾರೆ ಎಂದರು. ಅಂದು ನನಗಿದ್ದಷ್ಟು ಸಂತೋಷ ಮದುವೆಯಾದವರಿಗೂ ಇರುವುದಿಲ್ಲವೇನೋ. ನನಗೆ ಗೊತ್ತಿಲ್ಲ, ಮದುವೆಯಾಗಿಲ್ಲ.

ಜೀಪನ್ನು ಬಿಚ್ಚಿದಾಗ ಕೆಲಸಕ್ಕೆ ಬರುವಂತೆ ಉಳಿದದ್ದು ಚಾಸಿ, ಎಂಜಿನ್ನು, ಗೇರ್‌ಬಾಕ್ಸು ಮಾತ್ರ. ಹಿಂದಿನ ಪಟ್ಟಿ ಸ್ಪ್ರಿಂಗನ್ನು ತೆಗೆದು ಕಾಯಿಲ್ ಸ್ಪ್ರಿಂಗು ಕೂರಿಸಿ, ಆಕ್ಸಲನ್ನು ನಾಲ್ಕು ದಪ್ಪ ಕೊಳವೆಗಳಿಂದ ಚಾಸಿಗೆ ಕಟ್ಟುವುದು ನನ್ನ ಲೆಕ್ಕಾಚಾರ. ಈ ಕೊಳವೆಗಳಿಗೆ ಲಿಂಕ್ ಎನ್ನುತ್ತೇವೆ. ಎರಡು ಮೇಲೆ, ಎರಡು ಕೆಳಗೆ. ಮೇಲಿನವು ಆಕ್ಸಲು ಮಗುಚದ ಹಾಗೆ ಹಿಡಿಯುತ್ತವೆ. ಗಾಲಿಯ ನೂಕು ಎಲ್ಲವೂ ಕೆಳಗಿನ ಎರಡರ ಮೂಲಕ ಚಾಸಿಗೆ ಬರುತ್ತದೆ. ಲಿಂಕಿನ ತುದಿ ಚಾಸಿಗೆ ಕೂಡುವಲ್ಲಿ ಎಂಟು ಮಿಲಿಮೀಟರ್ ತಗಡಿನ ಬ್ರಾಕೆಟ್ ಇರುತ್ತದೆ. ಗಾಡಿ ಬಂಡೆಗೆ ಎದೆ ಕೊಟ್ಟಾಗ ಅಂಗೈಯಗಲದ ಆ ತುಂಡೇ ಇಡೀ ಗಾಡಿಯನ್ನು ಮೇಲೆ ದಬ್ಬುತ್ತದೆ.

ಮೊದಲ ತೊಡಕು ನಮ್ಮ ಟ್ರಾಲಿ ಬುದ್ಧಿಯೇ. ಕಾಕಾ ದಿನಕ್ಕೊಮ್ಮೆ ಬಂದು ಇಲ್ಲೊಂದು ಡಬಲ್ ಪಟ್ಟಿ ಹಾಕು, ಅಲ್ಲೊಂದು ಕೋನ ಕೂರಿಸು ಎನ್ನುತ್ತಿದ್ದರು. ನಾನೂ ಹಾಕುತ್ತಿದ್ದೆ. ಪಂಜರದ ಹಾಗೆ ತಲೆಯ ಮೇಲೆ ಬರುವ ಕೇಜಿಗೆ ಅವರು ಹೇಳಿದ ದಪ್ಪ ಪೈಪನ್ನೇ ಬಳಸಿದೆ. ತೂಕದ ಕಾಟಕ್ಕೆ ಒಯ್ದರೆ ಕಬ್ಬು ಹೇರದೆಯೇ ಕಬ್ಬು ಹೇರಿದಷ್ಟು ಬಂತು. ಒಂದು ಗಾಲಿಯ ಕೆಳಗೆ ಹಳೆಯ ಟಯರುಗಳ ಗುಡ್ಡೆ ಇಟ್ಟು ಎತ್ತಿ ನೋಡಿದೆ. ಉಳಿದ ಮೂರು ಗಾಲಿ ನೆಲ ಬಿಡಬಾರದು. ಇದು ನಾಯಿ ಕಂಬ ಕಂಡ ಹಾಗೆ ಹಿಂದಿನ ಕಾಲೊಂದನ್ನು ಎತ್ತಿ ನಿಂತಿತು. ಅರ್ಧ ಕೇಜನ್ನು ಕತ್ತರಿಸಿ ಸೀಮ್‌ಲೆಸ್ ಪೈಪಿನಲ್ಲಿ ಮತ್ತೆ ಕಟ್ಟಿದೆ. ಡಬಲ್ ಪಟ್ಟಿಗಳನ್ನು ಒಂದೊಂದಾಗಿ ಬಿಡಿಸಿದೆ. ಬಿಡಿಸುವಾಗ ಪ್ರತಿ ಪಟ್ಟಿಗೂ ಕಾಕಾರ ದನಿಯಲ್ಲೇ, "ಕುಂತೈತಿ, ಯಾಕ ಎಬ್ಬಸ್ತಿ?" ಎಂದು ಬೈದುಕೊಂಡೆ. ಗಾಲಿ ಪೂರ್ತಿ ಕೆಳಗೆ ಜೋತಾಗ, ಎಂಜಿನ್ನಿನ ತಿರುಗನ್ನು ಆಕ್ಸಲಿಗೆ ಒಯ್ಯುವ ಹಿಂದಿನ ಶಾಫ್ಟು ಚಾಸಿಗೆ ತಾಗಿ ಅದರ ತುದಿಯ ಕೀಲು, ಕ್ರಾಸ್, ಒಡೆಯಿತು. ಉದ್ದದ ಬೇರೆ ಶಾಫ್ಟು ಮಾಡಿಸಲು ಕೊಲ್ಹಾಪುರಕ್ಕೆ ಹೋಗಲೇಬೇಕಾಯಿತು.

ಹೋಗುವ ಮೊದಲು ಮೂರು ಲಿಂಕುಗಳ ಬ್ರಾಕೆಟ್‌ಗಳನ್ನು ಪೂರ್ತಿ ವೆಲ್ಡ್ ಮಾಡಿ ಎರಡು ಚುಕ್ಕಿ ಹೊಡೆದಿದ್ದೆ. ನಾಲ್ಕನೆಯದನ್ನು, ಅಂದರೆ ಬಲಬದಿಯ ಕೆಳಲಿಂಕು ಚಾಸಿಗೆ ಕೂಡುವಲ್ಲಿನದನ್ನು, ಸದ್ಯಕ್ಕೆ ಕಚ್ಚಿಕೊಂಡಿರಲೆಂದು ಬೆಸುಗೆಯ ಬರೀ ಮೂರು ಟಿಕ್ಕಿ ಇಟ್ಟು ನಿಲ್ಲಿಸಿದ್ದೆ. ಶಾಫ್ಟು ಬಂದ ಮೇಲೆ ಆಕ್ಸಲಿನ ಮೂತಿ ಎಷ್ಟು ಮೇಲೆ ಏಳಬೇಕೆಂದು ನೋಡಿ ಆ ಬ್ರಾಕೆಟನ್ನು ತುಸು ಸರಿಸಬೇಕಾಗಬಹುದಿತ್ತು. ಸುಣ್ಣದ ಕಡ್ಡಿಯಿಂದ ಅದರ ಮೇಲೆ "ಮುಟ್ಟಬೇಡಿ" ಎಂದು ಬರೆದೆ. ಎಲ್ಲರಿಗೂ ಒಮ್ಮೊಮ್ಮೆ, ಅವರವರ ದನಿಯಲ್ಲೇ ಹೇಳಿಯೂ ಹೋದೆ.

ಎರಡು ದಿನ ಬಿಟ್ಟು ಶಾಫ್ಟು ಹೊತ್ತು ಬಂದರೆ ಗಾಡಿಗೆ ಹಾರ ಬಿದ್ದಿತ್ತು. ಬಾನೆಟ್ಟಿನ ಮೇಲೆ ಕುಂಕುಮದ ಸ್ವಸ್ತಿಕ, ಗಾಲಿಗಳ ಹತ್ತಿರ ನಜ್ಜಾದ ನಿಂಬೆಹಣ್ಣು, ಚಾಸಿಗೆ ಹೊಳೆಯುವ ಕಪ್ಪು ಬಣ್ಣ. ವೈನಿಯ ಅತ್ತೆಯವರು ಪಂಚಾಂಗ ನೋಡಿಸಿದ್ದರಂತೆ. ಮಣ್ಣೆತ್ತಿನ ಅಮಾವಾಸ್ಯೆ ಬಂತು, ಮರುದಿನದಿಂದ ಆಷಾಢ. ಆಷಾಢದಲ್ಲಿ ಹೊಸ ಗಾಡಿಗೆ ಪೂಜೆ ಸಲ್ಲದು. ಹೀಗಾಗಿ ಗಾಡಿಯನ್ನು ಲಾರಿಯ ಮೇಲೆ ಹೇರಿ ಯಡೂರಿಗೆ ಒಯ್ದು, ವೀರಭದ್ರನ ಮುಂದೆ ಕಾಯಿ ಒಡೆಸಿ ತಂದಿದ್ದರು. ನಾನು ಚಾಸಿಯ ಕೆಳಗೆ ಬಗ್ಗಲು ಹೋದೆ. ಕಾಕಾ ಭುಜ ಹಿಡಿದರು.

"ಆ ಬ್ರಾಕೆಟ್ ಆಗೇತಿ. ನಾ ನೋಡೇನಿ. ಪೂಜಿ ಆದ ಗಾಡಿಗಿ ಮೊದಲ್ನೇ ಓಟ ಆಗೂತನಕ ಗ್ರೈಂಡರ್ ಹಚ್ಚಬಾರ್ದು."

ಈ ಕಟ್ಟಳೆ ನಮ್ಮಲ್ಲಿ ಇದ್ದದ್ದು ನಿಜ. ಕಾಯಿ ಒಡೆದ ಟ್ರಾಲಿಗೆ ನಾವು ಸುತ್ತಿಗೆಯನ್ನೂ ತಾಗಿಸುತ್ತಿರಲಿಲ್ಲ. ಆದರೂ ಬಗ್ಗಿ ನೋಡಲು ಯಾವ ದೇವರ ಅಡ್ಡಿಯೂ ಇರಲಿಲ್ಲ. ನಾನು ಬಗ್ಗಲಿಲ್ಲ. ಕಾಕಾ ನೋಡೇನಿ ಎಂದ ವೆಲ್ಡಿಂಗನ್ನು ನಾನು ಪರೀಕ್ಷಿಸುವುದೇ? ತಾಯಿ ಬಡಿಸಿದ ಅನ್ನವನ್ನು ಮೂಸಿ ನೋಡಿದಂತೆ. ಸ್ಪ್ಯಾನರಿಗೆ ಕಟ್ಟಳೆಯ ಅಡ್ಡಿ ಇರಲಿಲ್ಲ; ಕೆಳಗೆ ನುಸುಳಿ, ಆ ಬ್ರಾಕೆಟಿನ ಕಡೆ ತಲೆ ಹೊರಳಿಸದೆ ಶಾಫ್ಟು ಕೂರಿಸಿದೆ. ಅದೃಷ್ಟಕ್ಕೆ ಆಕ್ಸಲಿನ ಮೂತಿ ನೇರಕ್ಕೇ ಇತ್ತು. ಬೋಲ್ಟು ಬಿಗಿದೆ, ಮೇಲೆದ್ದೆ.

ಮೊದಲ ಓಟಕ್ಕೆ ಚಿಕ್ಕೋಡಿಯ ಆಚೆಗಿರುವ, ಕೈಬಿಟ್ಟ ಕಲ್ಲಿನ ಖಣಿಗೆ ಹೋದೆವು. ಹಿಂದಿನ ದಿನ ಮಳೆಯಾಗಿ ಕರಿಕಲ್ಲು ಎಮ್ಮೆಯ ಬೆನ್ನಿನ ಹಾಗೆ ಹೊಳೆಯುತ್ತಿತ್ತು. ಅಲ್ಲಿ ಮೂರು ಮೆಟ್ಟಿಲಿನಂತೆ ಬಂಡೆ ಕಡಿದಿದ್ದರು. ಮೊದಲನೆಯದು ಮೊಣಕಾಲೆತ್ತರ, ಮೂರನೆಯದು ಸೊಂಟದೆತ್ತರ. ಟಯರಿನ ಗಾಳಿಯನ್ನು ಹನ್ನೆರಡು ಪೌಂಡಿಗೆ ಇಳಿಸಿದೆ. ಗಾಲಿ ಮೆತ್ತಗಾಗಿ ಕಲ್ಲನ್ನು ತಬ್ಬಬೇಕು. ವೈನಿ ಹೆಲ್ಮೆಟ್ ಹಾಕಿ, ಎದೆಗೆ ಬೆಲ್ಟು ಬಿಗಿದು, ಲೋ ಗೇರಿನಲ್ಲಿ ಹೊರಟರು. ಏರುವಾಗ ಓಡಿಸುವವರಿಗೆ ಬಾನೆಟ್ಟು ಮತ್ತು ಆಕಾಶ ಬಿಟ್ಟು ಏನೂ ಕಾಣುವುದಿಲ್ಲ. ಮುಂದೆ ನಿಂತವನ ಕೈ ನೋಡಿಯೇ ಗಾಲಿ ಇಡಬೇಕು. ಆ ಕೈ ನನ್ನದು. ಎಡಕ್ಕೆ ಎಂದರೆ ಎಡಕ್ಕೆ, ನಿಲ್ಲು ಎಂದರೆ ನಿಲ್ಲು. ಮನೆಯಲ್ಲಿ ಯಾರ ಮಾತೂ ಕೇಳದ ವೈನಿ ನನ್ನ ಕಿರುಬೆರಳಿನ ಮಾತು ಕೇಳುತ್ತಿದ್ದರು. ಅವರ ಯಜಮಾನರು ಇದನ್ನೇ ಹೇಳಿ ಎಲ್ಲರನ್ನೂ ನಗಿಸಿದರು.

ಎರಡು ಮೆಟ್ಟಿಲು ಸಲೀಸಾಗಿ ಹತ್ತಿತು. ಮೂರನೆಯದಕ್ಕೆ ಮುಂದಿನ ಗಾಲಿಗಳು ಮೇಲೇರಿದವು; ಹಿಂದಿನವು ಬಂಡೆಯ ಮೋರೆಗೆ ಒತ್ತಿ ನಿಂತವು. ತುಸು ಕೊಡಿ ಎಂದು ಕೈ ಮಾಡಿದೆ. ನಾಲ್ಕೂ ಗಾಲಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಮೂಗುದನಿಯ ಜೊತೆ ನಾನೂ ಸಣ್ಣಗೆ ಗುನುಗುತ್ತಿದ್ದೆ. ಆಗ ನನಗೆ ಬರುವ ಆರರಲ್ಲಿ ಯಾವುದೂ ಅಲ್ಲದ ಒಂದು ದನಿ ಬಂತು. ಟಿಣ್. ತಾಟು ಕೈಜಾರಿದಂತೆ, ಅಷ್ಟೇ. ಬಲ ಹಿಂದಿನ ಗಾಲಿ ಇಡಿಯಾಗಿ ಮುಂದಕ್ಕೆ ಸರಿದು ಚಾಸಿಗೆ ಕಚ್ಚಿತು. ಗಾಡಿ ಸೊಟ್ಟಗಾಗಿ ಹಿಂದಕ್ಕೆ ಜಾರಿ, ಎರಡನೆಯ ಮೆಟ್ಟಿಲ ಮೇಲೆ ಮಗ್ಗುಲಾಗಿ ಬಿತ್ತು.

ಕೇಜು ತಡೆಯಿತು. ಆದರೆ ವೈನಿ ಬೀಳುವ ಗಾಬರಿಯಲ್ಲಿ ಬಲಗೈಯಿಂದ ಕೇಜಿನ ಪೈಪು ಹಿಡಿದಿದ್ದರು. ಮಣಿಕಟ್ಟು ಮುರಿದಿತ್ತು. ಬೆಲ್ಟು ಕತ್ತರಿಸಿ ಎಳೆದುಕೊಂಡಾಗ ಅವರು ಅಳಲಿಲ್ಲ. ನನ್ನ ಕೈ ನೋಡಿದರು, ಆಮೇಲೆ ನನ್ನ ಮುಖ. ನಾನು ತಪ್ಪು ದಾರಿ ತೋರಿಸಿದೆನೆಂದು ಅವರಿಗೆ ಅನ್ನಿಸಿತ್ತು.

ಅವರನ್ನು ದವಾಖಾನೆಗೆ ಕಳಿಸಿ, ಗಾಡಿಯನ್ನು ಟ್ರ್ಯಾಕ್ಟರಿನಿಂದ ಎಳೆದು ನಿಲ್ಲಿಸಿದೆವು. ಕಿತ್ತುಬಂದದ್ದು ಬಲಬದಿಯ ಬ್ರಾಕೆಟ್ಟೇ. ವೈನಿಯ ಯಜಮಾನರು ಹಿಂದೆಯೇ ಉಳಿದಿದ್ದರು. ಯಾರು ಮಾಡಿದ ಬೆಸುಗೆ ಇದು ಎಂದು ತಣ್ಣಗೆ ಕೇಳಿದರು. ಕಾಕಾ ಕೆಸರಿನಲ್ಲಿ ಮೊಣಕಾಲೂರಿ ಬ್ರಾಕೆಟಿನ ಮೇಲೆ ಹೆಬ್ಬೆರಳು ಸವರಿದರು.

"ಎರಡು ಚುಕ್ಕಿ ಅದಾವ್ರಿ," ಎಂದರು. "ಹುಡುಗಂದು."

ಇಷ್ಟು ಮಾತಾಡುವ ನನಗೆ ಅಂದು ಒಂದು ಅಕ್ಷರ ಹೊರಡಲಿಲ್ಲ. ದೊಡ್ಡವರ ಮಾತಿಗೆ ಗಿರಾಕಿಯ ಎದುರು ಅಡ್ಡ ಬರಬಾರದೆಂಬ ಅಭ್ಯಾಸ ಒಂದು ಕಾರಣ. ಇನ್ನೊಂದನ್ನು ಹೇಳಲು ನಾಚಿಕೆಯಾಗುತ್ತದೆ: ಅವರು ಹೇಳಿದ ಮೇಲೆ ನನಗೇ ಅನುಮಾನ ಬಂತು. ಟಿಕ್ಕಿ ಇಟ್ಟದ್ದು ಬೇರೆ ಬ್ರಾಕೆಟಿಗೋ? ಇದನ್ನು ನಾನೇ ಅವಸರದಲ್ಲಿ ಮಾಡಿ ಮರೆತೆನೋ? ಕಾಕಾ ಸುಳ್ಳು ಹೇಳಿದರೆಂದು ನಂಬುವುದಕ್ಕಿಂತ ನನಗೆ ಮರೆವು ಎಂದು ನಂಬುವುದು ಸುಲಭವಾಗಿತ್ತು.

ಆಮೇಲಿನ ಎರಡು ವಾರ ಕಾಕಾ ನನ್ನನ್ನು ಗ್ರೈಂಡಿಂಗಿಗೆ ಹಾಕಿದರು. ಬೈಯಲಿಲ್ಲ. ಬೈದಿದ್ದರೆ ಅವರ ನಕಲಿಗೆ ಒಂದು ಹೊಸ ಸರಕಾದರೂ ಸಿಗುತ್ತಿತ್ತು. ಹಾರೂಗೇರಿಯಿಂದ ಹುಕ್ಕು ಬದಲಿಸಲು ಬಂದ ರೈತರೊಬ್ಬರು ನನ್ನ ಮುಂದೆಯೇ, ಒಂದು ಚುಕ್ಕಿಯವರೇ ಮಾಡಬೇಕು, ಎರಡು ಚುಕ್ಕಿ ಬೇಡ ಎಂದರು. ಸುದ್ದಿ ಬಸ್ಸಿಗಿಂತ ಮೊದಲೇ ಮುಟ್ಟಿತ್ತು. ರೈತರು ಚಹಕ್ಕೆ ಹೋದಾಗ ಕಾಕಾ ನನ್ನ ಕೈಗೆ ರಾಡು ಕೊಟ್ಟರು; ಆ ಹುಕ್ಕನ್ನು ಮಾಡಿದ್ದು ನಾನೇ. ಕಾಕಾ ಸವರಿ ನೋಡಿ ಒಂದು ಚುಕ್ಕಿ ಹೊಡೆದರು, ರೈತರು ಸಮಾಧಾನದಿಂದ ಹೋದರು. ಚಹದ ಹೊತ್ತಿಗೆ ಯಾರಾದರೂ ಆಟ ತೋರಿಸು ಎಂದರೆ, ಗೇರು ಬೀಳುತ್ತಿಲ್ಲ ಎಂದು ತಪ್ಪಿಸಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ, ಮೂಲೆಯಲ್ಲಿ ನಿಂತ ಆ ಗಾಡಿಯ ಮುರಿದ ತುಂಡುಗಳನ್ನು ಕತ್ತರಿಸಿ ಗುಜರಿಗೆ ಎಸೆ ಎಂದು ಕಾಕಾ ಹೇಳಿ ಊಟಕ್ಕೆ ಹೋದರು. ಬ್ರಾಕೆಟನ್ನು ಕೈಗೆತ್ತಿಕೊಂಡು ಕೆಸರು ಒರೆಸಿದೆ. ಅಲ್ಲಿದ್ದವು ಎರಡು ಚುಕ್ಕಿ: ಒಂದೇ ಮಟ್ಟದಲ್ಲಿ, ಒಂದೇ ಆಳದಲ್ಲಿ, ಶಾಲೆಯಲ್ಲಿ ಸಾಲಾಗಿ ಕೂತ ಹುಡುಗರ ಹಾಗೆ ನೆಟ್ಟಗೆ. ನಾನು ಹುಟ್ಟಿದಂದಿನಿಂದ ಅಷ್ಟು ನೆಟ್ಟಗೆ ಏನನ್ನೂ ಹೊಡೆದಿಲ್ಲ. ಎದ್ದು ಹೋಗಿ ನನ್ನ ಊಟದ ಡಬ್ಬಿಯ ಮುಚ್ಚಳ ತಂದು ಪಕ್ಕಕ್ಕಿಟ್ಟೆ. ಇಷ್ಟು ವರ್ಷ ನಾನು ಅವರ ನಕಲು ಮಾಡಿದ್ದೆ. ಅವರು ನನ್ನದನ್ನು ಒಂದೇ ಸಲ ಮಾಡಿದ್ದರು. ಅದೂ ಸರಿಯಾಗಿ ಬಂದಿರಲಿಲ್ಲ.

ಗುಜರಿಗೆ ಎಸೆಯಲಿಲ್ಲ. ಆ ಬ್ರಾಕೆಟನ್ನೂ ಅದು ಕಿತ್ತುಬಂದ ಚಾಸಿಯ ತಗಡನ್ನೂ ಮೂರು ಕಡೆ ಅಡ್ಡಲಾಗಿ ಕೊಯ್ದೆ. ಎಡಬದಿಯ ನನ್ನ ಬ್ರಾಕೆಟನ್ನೂ ತಗಡಿನ ಸಮೇತ ಕತ್ತರಿಸಿ ತೆಗೆದು ಹಾಗೆಯೇ ಕೊಯ್ದೆ. ಕೊಯ್ದ ಮೋರೆಗಳನ್ನು ಅರದಿಂದ ಉಜ್ಜಿ, ಪಾಲಿಶ್ ಕಾಗದದಿಂದ ಕನ್ನಡಿ ಮಾಡಿ, ಬ್ಯಾಟರಿಯ ಆಸಿಡ್ ಸವರಿದೆ. ಹೀಗೆ ಮಾಡಿದರೆ ಕರಗಿ ಕೂಡಿದ ಲೋಹ ಬೇರೆ ಬಣ್ಣಕ್ಕೆ ತಿರುಗಿ, ವೆಲ್ಡಿಂಗು ಎಲ್ಲಿಯವರೆಗೆ ಇಳಿದಿದೆ ಎಂದು ಕಾಣುತ್ತದೆ. ನನ್ನದು ಮೂಲೆಯ ಬುಡಕ್ಕೆ ಇಳಿದಿತ್ತು. ಒಂದು ಕಡೆ ಸಾಸಿವೆಯಷ್ಟು ಕಿಟ್ಟ ಸಿಕ್ಕಿಕೊಂಡಿತ್ತು, ಅದನ್ನು ಮುಚ್ಚಿಡುವುದಿಲ್ಲ. ಬಲಬದಿಯದರಲ್ಲಿ ಬೆಸುಗೆ ಮೂಲೆಯಲ್ಲಿ ಇರಲೇ ಇಲ್ಲ. ನಾಲ್ಕು ಮಿಲಿಮೀಟರ್ ಈಚೆಗೆ, ಚಾಸಿಯ ತಗಡಿನ ಮೇಲೆ ಮಲಗಿತ್ತು. ಬ್ರಾಕೆಟಿನ ಅಂಚನ್ನು ಬರೀ ನೆಕ್ಕಿತ್ತು. ಮೇಲೆ ಗ್ರೈಂಡರ್ ಹೊಡೆದು, ಸಂದಿಗೆ ಪುಟ್ಟಿಯ ಲಪ್ಪ ತುಂಬಿ, ಬಣ್ಣ ಬಳಿದಿದ್ದರಿಂದ ಹೊರಗೆ ಏನೂ ಕಾಣುತ್ತಿರಲಿಲ್ಲ. ಆದರೆ ಮೂರೂ ಕಡೆ ಅಷ್ಟೇ ಅಗಲ, ಅಷ್ಟೇ ಆಳ, ಅಷ್ಟೇ ನಾಲ್ಕು ಮಿಲಿಮೀಟರ್. ಕಲಿಯುವವನ ಕೈ ಇಷ್ಟು ಒಂದೇ ಸಮ ತಪ್ಪುವುದಿಲ್ಲ. ಅಂಥ ಬೆಸುಗೆ ಎಳೆಯಬಲ್ಲ ಕೈ ನಮ್ಮ ಶೆಡ್ಡಿನಲ್ಲಿ ಒಂದೇ.

ಕೈ ತಪ್ಪಿರಲಿಲ್ಲ. ಹಾಗಾದರೆ ತಪ್ಪಿದ್ದು ಯಾವುದು? ನಾನು ಕೂತಲ್ಲೇ, ಯೋಚಿಸದೆ, ಕೋಳಿ ಕಾಳು ನೋಡುವ ಹಾಗೆ ತಲೆ ವಾರೆ ಮಾಡಿ ಆ ತುಂಡನ್ನು ನೋಡಿದೆ. ಅಭ್ಯಾಸಬಲ. ಹಾಗೆ ನೋಡಿದಾಗ ಬಲಗಣ್ಣಿಗೆ ಏನೂ ಕೆಲಸವಿರುವುದಿಲ್ಲ. ತೋಳುದ್ದ ಹಿಡಿದ ಹಾಳೆ, ಕಣ್ಣಿನ ಬದಲು ಹೆಬ್ಬೆರಳು, ಎಲ್ಲವನ್ನೂ ವರ್ಷಗಟ್ಟಲೆ ಊರಿಗೆಲ್ಲ ಮಾಡಿ ತೋರಿಸಿದ್ದೆ. ಒಂದು ದಿನವೂ ಈ ಮನುಷ್ಯ ಯಾಕೆ ಹೀಗೆ ನೋಡುತ್ತಾರೆ ಎಂದು ಕೇಳಿಕೊಂಡಿರಲಿಲ್ಲ. ಚಪ್ಪಾಳೆ ಬೀಳುತ್ತಿತ್ತಲ್ಲ, ಸಾಕಿತ್ತು.

ಕಾಕಾ ಊಟ, ನಿದ್ದೆ ಮುಗಿಸಿ ಸಂಜೆಗೆ ಬಂದಾಗ ತುಂಡುಗಳನ್ನು ಅವರ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದೆ. ಅವರು ಒಂದೊಂದನ್ನೂ ಸವರಿದರು. ಬಲಬದಿಯ ತುಂಡಿಗೆ ಬಂದಾಗ ಹೆಬ್ಬೆರಳು ನಿಂತಿತು.

"ಕಣ್ಣಾಗ ಪೊರಿ ಬಂದೈತಿ, ಮೋತಿಬಿಂದು," ಎಂದರು. "ಬಲಗಣ್ಣು ಪೂರಾ ಮಂಜ. ಎಡದ್ದೂ ಸುರು ಆಗೇತಿ. ವೆಲ್ಡಿಂಗ್ ಬಿಡ್ರಿ ಅಂದಾರ ಡಾಕ್ಟರ್."

"ಮತ್ತ ನೀವ್ಯಾಕ ಹಿಡದ್ರಿ ರಾಡ್?"

"ಅವರ ಮನಿ ಮಂದಿ ಎಲ್ಲಾ ಬಂದು ನಿಂತಿದ್ರು. ನಾಳಿ ಆಷಾಢ ಹತ್ತತೈತಿ ಅಂದ್ರು. ನನಗ ಕಾಣೂದಿಲ್ಲ ಅನ್ನಲೇನು? ನಾನು?" ಆ ತುಂಡನ್ನು ಮತ್ತೊಮ್ಮೆ ಸವರಿದರು. "ನನ್ನ ಹುಕ್ಕ ಒಂದೂ ಮುರದಿಲ್ಲ. ಮುರದ್ರ ನನ್ನ ಕತಿ ಮುಗೀತು. ನೀ ಹುಡುಗ ಅದಿ. ನಿಂದೊಂದು ಮುರದ್ರ, ಕಲೀತಾನ ಅಂತಾರ, ಮರೀತಾರ."

"ವೈನಿ ಅದರಾಗ ಕುಂತಿದ್ರು, ಕಾಕಾ."

"ಮುರೀತೈತಿ ಅಂತ ನನಗ ಗೊತ್ತಿದ್ದಿಲ್ಲೋ."

"ಗೊತ್ತಿದ್ದಿಲ್ಲ ಅಂದ್ರ ಒಂದ ಚುಕ್ಕಿ ಹೊಡೀತಿದ್ರಿ."

ಆ ತುಂಡನ್ನು ಅವರು ಮೋರೆ ಕೆಳಗಾಗಿ ಮಗುಚಿ ಇಟ್ಟರು. ಖಣಿಯಲ್ಲಿ, ಎಲ್ಲರ ಮುಂದೆ ಗಾಬರಿಯಾಗಿ ನನ್ನ ಹೆಸರು ಹೇಳಿದ್ದರೆ ಅಂಜಿಕೆ ಎಂದುಕೊಳ್ಳಬಹುದಿತ್ತು. ಆದರೆ ಆ ಚುಕ್ಕಿಗಳ ಒಳಗೆ ಕಪ್ಪು ಬಣ್ಣ ಇಳಿದು ಒಣಗಿತ್ತು. ಹಾರ ಬೀಳುವ ಮೊದಲು, ಕಾಯಿ ಒಡೆಯುವ ಮೊದಲು, ನಾನು ಕೊಲ್ಹಾಪುರದಲ್ಲಿ ಶಾಫ್ಟಿನ ಮುಂದೆ ಕೂತಿದ್ದಾಗಲೇ ಅವರು ಪಂಚು ಹುಡುಕಿ, ಎರಡು ಸಲ ಸುತ್ತಿಗೆ ಎತ್ತಿ ಹೊಡೆದಿದ್ದರು. ಇನ್ನೊಂದನ್ನೂ ಆಗಲೇ ಕೇಳಿದೆ. ಈ ಗಾಡಿಯ ಮೇಲೆ ನಿನ್ನ ಗುರುತು ಹೊಡಿ ಎಂದದ್ದು ಯಾಕೆ? ಹೋದ ಹಂಗಾಮಿನಿಂದ ತಾವು ಒಂದೂ ಹುಕ್ಕು ಮಾಡಿಲ್ಲ, ಎಲ್ಲ ನಾನೇ ಮಾಡಿದ್ದು, ತಾವು ಚುಕ್ಕಿ ಮಾತ್ರ ಹೊಡೆಯುತ್ತಿದ್ದುದು, ಅದಕ್ಕೇ ಎಂದರು. ನನ್ನ ಗಟ್ಟಿ ಕೆಲಸವೆಲ್ಲ ಅವರ ಗುರುತಿನ ಮೇಲೆ ರಸ್ತೆಯಲ್ಲಿ ಓಡಾಡುತ್ತಿದೆ. ಅವರ ಒಂದೇ ಒಂದು ಪೊಳ್ಳು ಕೆಲಸ ನನ್ನ ಗುರುತಿನ ಮೇಲೆ ಮುರಿಯಿತು. ನನ್ನ ಡಬ್ಬಿಯ ಮುಚ್ಚಳ ಇನ್ನೂ ಮೇಜಿನ ಮೇಲೇ ಇತ್ತು. ಅದನ್ನು ತೆಗೆದುಕೊಂಡೆ.

ಕಾಗವಾಡಕ್ಕೆ ಹೋಗಬೇಡ ಎಂದು ಕೇಳಿಕೊಂಡರು. ಅಪ್ಪಣೆಯಲ್ಲ, ಬೇಡಿಕೆ. ನಾನು ಅರ್ಧ ದಿನ ಯೋಚಿಸಿದೆ. ಹೇಳಿದರೆ ಅವರ ಹೆಸರು ಹೋಗುತ್ತದೆ. ಹೇಳದಿದ್ದರೆ, ಯಾವ ಕೈಯನ್ನು ನಂಬಿ ಬಂಡೆ ಏರಿದ್ದರೋ ಆ ಕೈಯೇ ತಮ್ಮ ಮಣಿಕಟ್ಟು ಮುರಿಯಿತೆಂದು ವೈನಿ ಕೊನೆಯವರೆಗೆ ತಿಳಿದಿರುತ್ತಾರೆ. ಮರುದಿನ ತುಂಡುಗಳನ್ನು ಚೀಲಕ್ಕೆ ಹಾಕಿ ಬಸ್ಸು ಹತ್ತಿದೆ.

ವೈನಿ ಕೈಗೆ ಪ್ಲಾಸ್ಟರ್ ಹಾ‌ಕಿಸಿಕೊಂಡು ಅಂಗಳದಲ್ಲಿ ಕೂತು, ಒಂದೇ ಕೈಯಲ್ಲಿ ಶೇಂಗಾ ಸುಲಿಯಲು ಹೆಣಗುತ್ತಿದ್ದರು. ಕೊಯ್ದ ಮೋರೆಗಳನ್ನು ತೋರಿಸಿ, ಚುಕ್ಕಿಗಳನ್ನು ತೋರಿಸಿ, ಎಲ್ಲ ಹೇಳಿದೆ. ಯಾರ ದನಿಯನ್ನೂ ಮಾಡದೆ ಹೇಳಿದೆ. ನನ್ನ ಸ್ವಂತ ದನಿ ಇಷ್ಟು ತೆಳು ಎಂದು ಅಂದೇ ಗೊತ್ತಾದದ್ದು. ಅವರು ಕೊನೆಯತನಕ ಕೇಳಿದರು.

"ಹಂಗಾರ ನಿಂದೇನು ತಪ್ಪು?"

"ಬಗ್ಗಿ ನೋಡಲಿಲ್ರಿ."

"ಹೂಂ. ಅದು ಸಣ್ಣದಲ್ಲ ತಮ್ಮಾ." ಒಂದು ಶೇಂಗಾ ಕೊನೆಗೂ ಒಡೆಯಿತು. "ಪೂಜಿ ಆಗೇತಿ, ಗ್ರೈಂಡರ್ ಹಚ್ಚಬಾರ್ದು ಅಂತ ನಮ್ಮತ್ತಿ ಹೇಳಿಲ್ಲ. ಅವರು ಕಾಯಿ ಒಡೀರಿ ಅಂದಿದ್ದು ಅಷ್ಟ."

ಗಾಡಿಯನ್ನು ಅವರು ನಮ್ಮ ಶೆಡ್ಡಿನಿಂದ ಒಯ್ದರು. ಜೊತೆಗೆ ನಾನೂ ಹೊರಬಿದ್ದೆ. ಮಣೂಕದ ಹಂಗಾಮು ಮುಗಿದು ಖಾಲಿ ಬಿದ್ದಿದ್ದ ಅವರ ಉದ್ದನೆಯ ಶೆಡ್ಡಿನಲ್ಲಿ, ಒಣದ್ರಾಕ್ಷಿಯ ವಾಸನೆಯ ನಡುವೆ, ಬಾಡಿಗೆ ಮಷೀನು ಇಟ್ಟು ಮತ್ತೆ ಶುರು ಮಾಡಿದೆ. ನಾಲ್ಕು ಲಿಂಕುಗಳ ಎರಡೂ ತುದಿಯ ಎಂಟೂ ಬ್ರಾಕೆಟ್‌ಗಳನ್ನು ಹೊಸದಾಗಿ ಕೊಯ್ದು ಕೂರಿಸಿದೆ. ಕೆಳಗಿನ ಎರಡಕ್ಕೆ ಚಾಸಿಯ ಹೊಟ್ಟೆಯನ್ನೂ ಹಿಡಿಯುವ ಹಾಗೆ ಎಲ್ ಆಕಾರದ ಕಾಲು ಕೊಟ್ಟೆ. ಭಾರ ಒಂದೇ ಗೆರೆಯ ಮೇಲೆ ಬೀಳಬಾರದು. ರಾಡುಗಳನ್ನು ಒಣಗಿಸಿಯೇ ಹಚ್ಚಿದೆ. ಪ್ರತಿ ಬೆಸುಗೆಗೂ ಕೆಂಪು ಡೈ ಹಚ್ಚಿ, ಒರೆಸಿ, ಬಿಳಿ ಪುಡಿ ಸಿಂಪಡಿಸಿದೆ. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಒಂದರಲ್ಲಿ ಮೂಡಿತು. ನನ್ನದೇ. ಕಿತ್ತು ಮತ್ತೆ ಮಾಡಿದೆ. ವೈನಿ ಪ್ರತಿಯೊಂದನ್ನೂ ಟಾರ್ಚು ಹಿಡಿದು ತಾವೇ ಬಗ್ಗಿ ನೋಡಿದರು. ಬೆಸುಗೆಯ ಮೇಲೆ ಕಪ್ಪು ಬಣ್ಣ ಬಳಿಯಲಿಲ್ಲ. ತುಕ್ಕು ಹಿಡಿಯದಂತೆ ತಿಳಿ ವಾರ್ನಿಶ್ ಮಾತ್ರ ಹಚ್ಚಿದೆ. ಎಲ್ಲವೂ ಬರಿಗಣ್ಣಿಗೆ ಕಾಣಬೇಕು.

ಶ್ರಾವಣ ಮುಗಿಯುವ ಹೊತ್ತಿಗೆ ಪ್ಲಾಸ್ಟರ್ ಬಿಚ್ಚಿ ಕೈ ಹದಕ್ಕೆ ಬಂದಿತ್ತು. ಅತ್ತೆಯವರು ಮೊದಲು ಏರಲಿ, ಆಮೇಲೆ ಕಾಯಿ ಎಂದರು. ಅದೇ ಖಣಿ, ಅದೇ ಮೂರು ಮೆಟ್ಟಿಲು. ಮೂರನೆಯದರ ಬುಡದಲ್ಲಿ ಗಾಡಿ ನಿಂತಾಗ ನಾನು ಕೈ ಎತ್ತಿದೆ, ವೈನಿ ನೋಡಿದರು. ತುಸು ಹೆಚ್ಚೇ ಹೊತ್ತು ನೋಡಿದರು. ಆಮೇಲೆ ಗಾಲಿ ತಿರುಗಿತು. ಹಿಂದಿನ ಟಯರು ಕಲ್ಲಿನ ಅಂಚನ್ನು ತಬ್ಬಿ, ಒಂದು ಸಲ ಜಾರಿ, ಮತ್ತೆ ಹಿಡಿದು, ಗಾಡಿಯ ಹಿಂಭಾಗ ಎಮ್ಮೆ ಕೆರೆಯಿಂದ ಏಳುವ ಹಾಗೆ ಮೇಲಕ್ಕೆ ಬಂತು. ನನಗೆ ಬರುವ ಆರು ದನಿಗಳಲ್ಲಿ ಒಂದೇ ಕೇಳಿಸಿತು.

ಕಾಕಾ ಬಂದಿದ್ದನ್ನು ಆಮೇಲೆ ನೋಡಿದೆ. ಯಾರೂ ಕರೆದಿರಲಿಲ್ಲ. ಖಣಿಯ ಅಂಚಿನಲ್ಲಿ ತಲೆ ವಾರೆ ಮಾಡಿ ನಿಂತಿದ್ದರು. ಗಾಡಿ ಇಳಿದು ಬಂದಾಗ ನಿಧಾನಕ್ಕೆ ಹತ್ತಿರ ಬಂದರು. ವೈನಿ ಅವರಿಗೆ ನಮಸ್ಕಾರ ಮಾಡಿದರು, ಮಾತಾಡಿಸಲಿಲ್ಲ. ಕಾಕಾ ಬಲಬದಿಯಲ್ಲಿ ಮೊಣಕಾಲೂರಿ, ಚಾಸಿಯ ಕೆಳಗೆ ಕೈ ಹಾಕಿ, ಬ್ರಾಕೆಟಿನ ಬೆಸುಗೆಯನ್ನು ಈ ತುದಿಯಿಂದ ಆ ತುದಿಗೆ ಸವರಿದರು. ಕುಂತೈತಿ ಎನ್ನಬಹುದು ಎಂದುಕೊಂಡೆ. ಅನ್ನಲಿಲ್ಲ. ಹೆಬ್ಬೆರಳು ಬೆಸುಗೆಯನ್ನು ಬಿಟ್ಟು ಪಕ್ಕದ ತಗಡಿಗೆ ಹೋಯಿತು, ಹಿಂದಕ್ಕೆ ಬಂತು, ಮೇಲೆ ಹೋಯಿತು, ಮತ್ತೆ ಕೆಳಗೆ ಬಂತು. ಚುಕ್ಕಿ ಹುಡುಕುತ್ತಿದ್ದರು.

ನಾನು ಎಲ್ಲಿಯೂ ಹೊಡೆದಿರಲಿಲ್ಲ. ಹೇಳಲೂ ಇಲ್ಲ. ಅವರ ಹೆಬ್ಬೆರಳು ಆ ತಗಡಿನ ಮೇಲೆ ಓಡಾಡುವುದನ್ನು ನಿಂತು ನೋಡಿದೆ.